ತಂತಿ ಹಳತಾದಾಗ: ಕೇಬಲ್ ಮತ್ತು ಡಿಶ್ ಕುರಿತು ಓದುಗರ ಪ್ರಶ್ನೆಗಳು

ಈ ಬಾರಿಯ ಅಂಕಣವನ್ನು ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ. ಕೇಬಲ್ ಟೀವಿಯಿಂದ ಬೇಸತ್ತವರ ಪತ್ರಗಳು ಬಹಳ ದಿನಗಳಿಂದ ಬರುತ್ತಿವೆ, ಮತ್ತು ಅವುಗಳಲ್ಲಿ ಹೆಚ್ಚಿನವು ‘ಡಿಶ್ ಹಾಕಿಸಿಕೊಳ್ಳಲೇ?’ ಎಂಬ ಪ್ರಶ್ನೆಯಲ್ಲಿ ಕೊನೆಗೊಳ್ಳುತ್ತವೆ. ತೊಂದರೆ ಎಲ್ಲಿ ಹುಟ್ಟುತ್ತಿದೆ ಎಂದು ತಿಳಿಯದೆ ಆ ಪ್ರಶ್ನೆಗೆ ಹೌದು ಅಥವಾ ಬೇಡ ಎಂದು ಹೇಳುವುದು ಸರಿಯಲ್ಲ. ಹಾಗಾಗಿ ಆಯ್ದ ಪತ್ರಗಳಿಗೆ ಕೊಂಚ ವಿವರವಾಗಿಯೇ ಉತ್ತರಿಸಿದ್ದೇನೆ.

ಪ್ರಶ್ನೆ: ಮಾನ್ಯರೇ, ನಮ್ಮ ಮನೆಯಲ್ಲಿ ಮೊದಲಿನಿಂದಲೂ ಕೇಬಲ್ ಸಂಪರ್ಕವಿದೆ. ಕೆಲವು ವಾಹಿನಿಗಳು ಚೆನ್ನಾಗಿ ಬರುತ್ತವೆ, ಕೆಲವು ಸದಾ ಚೌಕಚೌಕವಾಗಿ ಒಡೆಯುತ್ತವೆ, ಇನ್ನು ಕೆಲವು ‘ಸಿಗ್ನಲ್ ಇಲ್ಲ’ ಎಂದು ತೋರಿಸಿ ಕಪ್ಪಾಗಿಬಿಡುತ್ತವೆ. ದೂರು ಕೊಟ್ಟರೆ ಬಂದವರು ಬಾಕ್ಸ್‌ನ ಹಿಂದಿನ ವೈರನ್ನು ಕಿತ್ತು, ಮತ್ತೆ ಸಿಕ್ಕಿಸಿ ಹೊರಟುಹೋಗುತ್ತಾರೆ. ಎರಡು ದಿನ ಸರಿಯಾಗಿದ್ದು ಮತ್ತೆ ಅದೇ ಪಾಡು. ಪಕ್ಕದ ಮನೆಯವರ ಡಿಶ್‌ನಲ್ಲಿ ಅದೇ ವಾಹಿನಿ ನಿಚ್ಚಳವಾಗಿ ಕಾಣುತ್ತದೆ. ಕೇಬಲ್ ಎಂಬ ತಂತ್ರಜ್ಞಾನವೇ ಕೀಳಾದದ್ದೇ?

ಉತ್ತರ: ತಂತ್ರಜ್ಞಾನ ಕೀಳಲ್ಲ. ನಿಮ್ಮ ಮನೆಗೆ ತಲುಪಿರುವ ಜಾಲ ಹಳತಾಗಿದೆ, ಅದರ ಆರೈಕೆ ಆಗಿಲ್ಲ. ನಿಮ್ಮ ಪತ್ರದಲ್ಲಿರುವ ಮೂರೂ ಲಕ್ಷಣಗಳು ಇದನ್ನೇ ಹೇಳುತ್ತವೆ.

ಕೇಬಲ್ ಹುಟ್ಟಿದ್ದೇ ಒಳ್ಳೆಯ ಚಿತ್ರ ಕೊಡುವುದಕ್ಕಾಗಿ. 1948ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ಅಸ್ಟೋರಿಯಾ ಎಂಬ ಊರಿನಲ್ಲಿ ಎಡ್ ಪಾರ್ಸನ್ಸ್ ಎಂಬವರು ಹೋಟೆಲೊಂದರ ಚಾವಣಿಯ ಮೇಲೆ ಆಂಟೆನಾ ನಿಲ್ಲಿಸಿ, ದೂರದ ಸಿಯಾಟಲ್ ನಗರದ ಪ್ರಸಾರವನ್ನು ಹಿಡಿದು, ತಂತಿಯ ಮೂಲಕ ಇತರರಿಗೂ ಹಂಚಿದರು. ಅದೇ ಕಾಲದಲ್ಲಿ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಬೆಟ್ಟಗಳ ಮರೆಯಲ್ಲಿದ್ದ ಊರುಗಳಲ್ಲೂ ಇಂಥದೇ ಪ್ರಯತ್ನ ನಡೆಯಿತು. ಗಾಳಿಯಲ್ಲಿ ಬರುವ ಸಿಗ್ನಲ್ ತಲುಪದ ಕಡೆಗೆ ತಂತಿ ತಲುಪಿತು. ಉಪಗ್ರಹ ಬಂದದ್ದು ಆಮೇಲೆ. ಭೂಮಿಯ ಜೊತೆಜೊತೆಯಲ್ಲೇ ಸುತ್ತುತ್ತ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಕಕ್ಷೆಯನ್ನು ಸಂಪರ್ಕಕ್ಕೆ ಬಳಸಬಹುದೆಂದು ಆರ್ಥರ್ ಸಿ. ಕ್ಲಾರ್ಕ್ 1945ರಲ್ಲಿ ಬರೆದರು. 1964ರಲ್ಲಿ ಸಿಂಕಾಮ್-3 ಎಂಬ ಉಪಗ್ರಹ ಅಂಥ ಕಕ್ಷೆಗೆ ಏರಿ ಟೋಕಿಯೊ ಒಲಿಂಪಿಕ್ಸ್‌ನ ಚಿತ್ರಗಳನ್ನು ಸಾಗರದಾಚೆಗೆ ದಾಟಿಸಿತು. ಅಲ್ಲಿಂದ ಮುಂದೆ ಉಪಗ್ರಹವು ಕೇಬಲ್‌ಗೆ ಎದುರಾಳಿಯಾಗುವ ಮೊದಲು ಅದಕ್ಕೆ ಆಧಾರವಾಯಿತು ಎಂಬುದನ್ನು ಅನೇಕರು ಗಮನಿಸಿಲ್ಲ. 1975ರ ಸೆಪ್ಟೆಂಬರಿನಲ್ಲಿ ಎಚ್‌ಬಿಒ ವಾಹಿನಿಯು ತನ್ನ ಕಾರ್ಯಕ್ರಮಗಳನ್ನು ಉಪಗ್ರಹದ ಮೂಲಕ ಕೇಬಲ್ ಕೇಂದ್ರಗಳಿಗೆ ಕಳುಹಿಸಲು ಆರಂಭಿಸಿದ ಮೇಲೆ, ದೂರದ ವಾಹಿನಿಗಳೆಲ್ಲ ಕೇಬಲ್ ಮನೆಗಳನ್ನು ತಲುಪುವ ದಾರಿ ತೆರೆಯಿತು.

ಇಂದಿಗೂ ನಿಮ್ಮ ಕೇಬಲ್‌ನಲ್ಲಿ ಬರುವ ಬಹುಪಾಲು ವಾಹಿನಿಗಳು ಆಪರೇಟರ್‌ನ ಹೆಡ್‌ಎಂಡ್‌ನಲ್ಲಿರುವ, ಅಂದರೆ ವಾಹಿನಿಗಳನ್ನು ಒಟ್ಟುಗೂಡಿಸಿ ತಂತಿಗೆ ಬಿಡುವ ಮುಖ್ಯ ಕೇಂದ್ರದಲ್ಲಿರುವ, ದೊಡ್ಡ ಡಿಶ್‌ಗಳ ಮೇಲೆ ಉಪಗ್ರಹದಿಂದಲೇ ಇಳಿಯುತ್ತವೆ. ಆದ್ದರಿಂದ ನಿಮ್ಮ ಮತ್ತು ನೆರೆಮನೆಯವರ ಚಿತ್ರದಲ್ಲಿ ವ್ಯತ್ಯಾಸ ಉಂಟಾಗುತ್ತಿರುವುದು ಹೆಡ್‌ಎಂಡ್‌ನಿಂದ ನಿಮ್ಮ ಬಾಕ್ಸ್‌ನವರೆಗಿನ ಕೊನೆಯ ಹಾದಿಯಲ್ಲಿ. ಅವರ ಡಿಶ್‌ನಿಂದ ಬಾಕ್ಸ್‌ಗೆ ಕೆಲವು ಮೀಟರ್ ತಂತಿಯಷ್ಟೇ ಇದೆ. ನಿಮ್ಮದರ ನಡುವೆ ಸಿಗ್ನಲ್ ಹೆಚ್ಚಿಸುವ ಆಂಪ್ಲಿಫೈಯರ್‌ಗಳು, ಮುಖ್ಯ ತಂತಿಯಿಂದ ಮನೆಗಳಿಗೆ ಕವಲು ತೆಗೆಯುವ ಟ್ಯಾಪ್‌ಗಳು, ಸಿಗ್ನಲನ್ನು ಹಂಚುವ ಸ್ಪ್ಲಿಟರ್‌ಗಳು, ಬಿಸಿಲು ಮಳೆಗೆ ಮೈಯೊಡ್ಡಿದ ಹತ್ತಾರು ಜೋಡಣೆಗಳು ಇರಬಹುದು.

ಮನೆಗಳಿಗೆ ಎಳೆಯುವ ಆರ್‌ಜಿ-6 ಬಗೆಯ ಕೋಯಾಕ್ಸಿಯಲ್ ತಂತಿಯು 1000 ಮೆಗಾಹರ್ಟ್ಸ್ ಆವರ್ತನದಲ್ಲಿ 100 ಮೀಟರ್ ಉದ್ದಕ್ಕೆ ಸುಮಾರು 20 ಡೆಸಿಬೆಲ್‌ನಷ್ಟು ಸಿಗ್ನಲ್ ನುಂಗುತ್ತದೆ. ಅಂದರೆ ಹೊರಟ ಶಕ್ತಿಯ ನೂರರಲ್ಲಿ ಒಂದು ಪಾಲು ಮಾತ್ರ ಆಚೆ ತುದಿಗೆ ತಲುಪುತ್ತದೆ. ಕಡಿಮೆ ಆವರ್ತನಗಳಲ್ಲಿ ಈ ನಷ್ಟ ಕಡಿಮೆ. ಕೇಬಲ್‌ನಲ್ಲಿ ಬೇರೆ ಬೇರೆ ವಾಹಿನಿಗಳ ಗುಂಪುಗಳು ಬೇರೆ ಬೇರೆ ಆವರ್ತನಗಳಲ್ಲಿ ಸಾಗುವುದರಿಂದ, ಲೈನ್ ದುರ್ಬಲವಾದಾಗ ಸಾಮಾನ್ಯವಾಗಿ ಮೇಲಿನ ಆವರ್ತನದ ಗುಂಪುಗಳು ಮೊದಲು ಕೈಕೊಡುತ್ತವೆ, ಕೆಳಗಿನವು ಏನೂ ಆಗದಂತೆ ಬರುತ್ತಿರುತ್ತವೆ. ನಿಮ್ಮಲ್ಲಿ ಕೆಲವು ವಾಹಿನಿಗಳು ಮಾತ್ರ ಸದಾ ಒಡೆಯುವುದಕ್ಕೆ ಇದೇ ಕಾರಣವಿರಬಹುದು. ಕಳೆದುಹೋದ ಶಕ್ತಿಯನ್ನು ತುಂಬಿಕೊಡಲು ಆಂಪ್ಲಿಫೈಯರ್‌ಗಳಿವೆ ನಿಜ, ಆದರೆ ಪ್ರತಿ ಆಂಪ್ಲಿಫೈಯರ್ ತನ್ನದೇ ಆದ ಗದ್ದಲವನ್ನೂ, ಅಂದರೆ ಸಿಗ್ನಲ್‌ನಲ್ಲಿ ಬೆರೆಯುವ ಬೇಡದ ವಿದ್ಯುತ್ ಏರಿಳಿತವನ್ನೂ, ಸೇರಿಸುತ್ತದೆ. ಒಂದೇ ಬಗೆಯ ಆಂಪ್ಲಿಫೈಯರ್‌ಗಳನ್ನು ಸಾಲಾಗಿ ಜೋಡಿಸುತ್ತ ಅವುಗಳ ಸಂಖ್ಯೆಯನ್ನು ಇಮ್ಮಡಿಗೊಳಿಸಿದಾಗಲೆಲ್ಲ ಸಿಗ್ನಲ್ ಮತ್ತು ಗದ್ದಲದ ನಡುವಿನ ಅಂತರ 3 ಡೆಸಿಬೆಲ್‌ನಷ್ಟು, ಅಂದರೆ ಸುಮಾರು ಅರ್ಧಕ್ಕೆ, ಕುಗ್ಗುತ್ತದೆ. ಹೆಡ್‌ಎಂಡ್‌ನಿಂದ ಬಡಾವಣೆಯವರೆಗೆ ಆಪ್ಟಿಕಲ್ ಫೈಬರ್ ಎಳೆದು ಕೊನೆಯ ತುಣುಕಿಗೆ ಮಾತ್ರ ತಾಮ್ರದ ತಂತಿ ಬಳಸುವ ಜಾಲಗಳಲ್ಲಿ ಈ ಸಾಲು ಚಿಕ್ಕದಾಗುತ್ತದೆ. ಹಾಗೆ ಮಾಡದೆ, ಹಳೆಯ ಲೈನಿಗೆ ಹೊಸ ಮನೆಗಳನ್ನು ಸೇರಿಸುತ್ತ, ಸಾಲದಾದಾಗ ಇನ್ನೊಂದು ಆಂಪ್ಲಿಫೈಯರ್ ತಗುಲಿಸುತ್ತ ಹೋದ ಜಾಲದ ತುದಿಯಲ್ಲಿ ವಾಸಿಸುವವರ ಪಾಡು ನಿಮ್ಮ ಪತ್ರದಲ್ಲಿದೆ.

ಮೊದಲಿನ ಅನಲಾಗ್ ಪ್ರಸಾರದಲ್ಲಿ ಲೈನ್ ಕೆಡುತ್ತ ಬಂದರೆ ಚಿತ್ರದಲ್ಲಿ ಚುಕ್ಕೆಗಳು ಮೂಡುತ್ತಿದ್ದವು, ನೆರಳು ಬೀಳುತ್ತಿತ್ತು, ಆದರೂ ನೋಡಬಹುದಿತ್ತು. ಡಿಜಿಟಲ್‌ನಲ್ಲಿ ಆ ಎಚ್ಚರಿಕೆಯ ಹಂತವೇ ಇಲ್ಲ. ಗುಣಮಟ್ಟ ಒಂದು ಮಿತಿಯ ಮೇಲಿರುವವರೆಗೆ ಚಿತ್ರ ಪರಿಪೂರ್ಣವಾಗಿರುತ್ತದೆ. ಮಿತಿಯ ಅಂಚಿಗೆ ಬಂದಾಗ ಚೌಕಗಳು ಕಾಣಿಸುತ್ತವೆ, ಇನ್ನು ತುಸು ಇಳಿದರೆ ಪರದೆ ಕಪ್ಪಾಗುತ್ತದೆ. ವೈರ್ ಕಿತ್ತು ಸಿಕ್ಕಿಸಿದಾಗ ತುಕ್ಕು ಹಿಡಿದ ಜೋಡಣೆ ತಾತ್ಕಾಲಿಕವಾಗಿ ಬಿಗಿಯಾಗಿ ಸಿಗ್ನಲ್ ಆ ಮಿತಿಯನ್ನು ದಾಟುತ್ತದೆ, ಎರಡು ದಿನದಲ್ಲಿ ಮತ್ತೆ ಕೆಳಗಿಳಿಯುತ್ತದೆ. ಇದನ್ನು ದುರಸ್ತಿ ಎಂದು ಕರೆಯಲಾಗದು. ಬಂದವರು ಮೀಟರ್ ಹಿಡಿದು ಅಳೆಯದೆ ಹೋದರೆ, ದೂರು ಬಗೆಹರಿದಿದೆ ಎಂದು ಒಪ್ಪಿಕೊಳ್ಳಬೇಡಿ.

ಸುಸ್ಥಿತಿಯಲ್ಲಿರುವ ಕೇಬಲ್ ಎಷ್ಟು ಸಮರ್ಥ ಎಂಬುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಉಪಗ್ರಹದ ಹಳೆಯ ಡಿವಿಬಿ-ಎಸ್ ಪದ್ಧತಿಯಲ್ಲಿ ಸುಮಾರು 33ರಿಂದ 36 ಮೆಗಾಹರ್ಟ್ಸ್ ಅಗಲದ ಒಂದು ಟ್ರಾನ್ಸ್‌ಪಾಂಡರ್ (ಉಪಗ್ರಹದಲ್ಲಿ ಸಿಗ್ನಲ್ ಪಡೆದು ಮರಳಿ ಕಳುಹಿಸುವ ಘಟಕ) ಸೆಕೆಂಡಿಗೆ 38 ಮೆಗಾಬಿಟ್‌ನಷ್ಟು ಮಾಹಿತಿ ಹೊರುತ್ತಿತ್ತು. ಕೇಬಲ್‌ನಲ್ಲಿ ಅಷ್ಟೇ ಮಾಹಿತಿಯನ್ನು 64-ಕ್ವಾಮ್ ಎಂಬ ವಿಧಾನದಲ್ಲಿ 8 ಮೆಗಾಹರ್ಟ್ಸ್ ಅಗಲದಲ್ಲಿ ಸಾಗಿಸಬಹುದು, 256-ಕ್ವಾಮ್‌ನಲ್ಲಿ 50 ಮೆಗಾಬಿಟ್ ದಾಟಬಹುದು. ಮುಚ್ಚಿದ ತಂತಿಯೊಳಗೆ ಗದ್ದಲ ಕಡಿಮೆ ಎಂಬುದರಿಂದಲೇ ಇದು ಸಾಧ್ಯವಾಗಿದೆ. ಆ ತಂತಿಯನ್ನೇ ಗದ್ದಲಕ್ಕೆ ಬಿಟ್ಟುಕೊಟ್ಟರೆ ಕೇಬಲ್‌ಗೆ ಇದ್ದ ಮೇಲುಗೈ ಉಳಿಯುವುದಿಲ್ಲ. 256-ಕ್ವಾಮ್‌ಗೆ 64-ಕ್ವಾಮ್‌ಗಿಂತ ಸುಮಾರು 6 ಡೆಸಿಬೆಲ್ ಹೆಚ್ಚು ಶುದ್ಧವಾದ ಸಿಗ್ನಲ್ ಬೇಕಾಗುತ್ತದೆ. ಹಳೆಯ ಲೈನನ್ನು ಸರಿಪಡಿಸದೆ ಹೆಚ್ಚು ವಾಹಿನಿ ತುರುಕಲು ಈ ವಿಧಾನಕ್ಕೆ ಬದಲಾಯಿಸಿದ ಕಡೆಗಳಲ್ಲಿ, ನಿನ್ನೆಯವರೆಗೆ ಸರಿಯಾಗಿದ್ದ ಮನೆಗಳಲ್ಲೂ ಚಿತ್ರ ಒಡೆಯಬಹುದು.

ಪ್ರಶ್ನೆ: ಕೇಬಲ್‌ನವರು ‘ನಮ್ಮ ಕಡೆಯಿಂದ ಎಲ್ಲ ಸರಿಯಿದೆ, ನಿಮ್ಮ ಟೀವಿ ಹಾಳಾಗಿದೆ’ ಎನ್ನುತ್ತಾರೆ. ಟೀವಿ ರಿಪೇರಿಯವರು ‘ಟೀವಿ ಸರಿಯಿದೆ, ಕೇಬಲ್ ಹಾಳಾಗಿದೆ’ ಎನ್ನುತ್ತಾರೆ. ತಂತ್ರಜ್ಞಾನ ತಿಳಿಯದ ನಮ್ಮಂಥವರು ಯಾರ ಮಾತು ನಂಬಬೇಕು? ಒಂದು ಬೂಸ್ಟರ್ ಹಾಕಿಸಿದರೆ ಸರಿಹೋಗುತ್ತದೆ ಎಂದೂ ಒಬ್ಬರು ಹೇಳಿದರು.

ಉತ್ತರ: ಯಾರನ್ನೂ ನಂಬದೆ ನೀವೇ ಪರೀಕ್ಷಿಸಬಹುದು; ಇದಕ್ಕೆ ವಿಶೇಷ ಜ್ಞಾನ ಬೇಕಿಲ್ಲ. ಸೆಟ್‌ಟಾಪ್ ಬಾಕ್ಸ್ ಮತ್ತು ಟೀವಿಯನ್ನು ಹೊರಗಿನ ತಂತಿ ಮನೆಯೊಳಗೆ ಬರುವ ಜಾಗಕ್ಕೇ ಒಯ್ದು, ನಡುವೆ ಸ್ಪ್ಲಿಟರ್ ಇಲ್ಲದಂತೆ ನೇರವಾಗಿ ಜೋಡಿಸಿ, ಸಾಮಾನ್ಯವಾಗಿ ಒಡೆಯುವ ವಾಹಿನಿಗಳನ್ನೇ ನೋಡಿ. ಅಲ್ಲಿ ಚಿತ್ರ ಸರಿಯಾಗಿ ಬಂದರೆ ದೋಷ ಮನೆಯೊಳಗಿನ ತಂತಿಯಲ್ಲೋ ಸ್ಪ್ಲಿಟರಿನಲ್ಲೋ ಇದೆ. ಎರಡು ದಾರಿಯ ಸ್ಪ್ಲಿಟರ್ ಪ್ರತಿ ದಾರಿಗೂ ಸುಮಾರು 3.5 ಡೆಸಿಬೆಲ್, ನಾಲ್ಕು ದಾರಿಯದು ಸುಮಾರು 7 ಡೆಸಿಬೆಲ್ ಕಳೆಯುತ್ತದೆ. ಮೊದಲು ಮೂರು ಕೋಣೆಗಳಿಗೆ ಹಂಚಿ ಈಗ ಒಂದೇ ಟೀವಿ ಇಟ್ಟುಕೊಂಡವರ ಮನೆಯಲ್ಲೂ ಹಳೆಯ ಸ್ಪ್ಲಿಟರ್ ಗೋಡೆಯ ಮೂಲೆಯಲ್ಲಿ ಮರೆತುಹೋಗಿ ಉಳಿದಿರುತ್ತದೆ. ಪ್ರವೇಶದ ಜಾಗದಲ್ಲೂ ಚಿತ್ರ ಒಡೆಯುತ್ತಿದ್ದರೆ, ಮತ್ತು ಅದೇ ಟೀವಿಯಲ್ಲಿ ಬೇರೆ ಮೂಲದ ಚಿತ್ರ ಚೆನ್ನಾಗಿ ಕಾಣುತ್ತಿದ್ದರೆ, ದೋಷ ಟೀವಿಯಲ್ಲಿಲ್ಲ. ಆಗ ಉಳಿಯುವುದು ಬಾಕ್ಸ್ ಮತ್ತು ಹೊರಗಿನ ಲೈನ್. ಬಾಕ್ಸನ್ನು ಅದೇ ಜಾಲದ ಇನ್ನೊಂದು ಮನೆಯಲ್ಲಿ ಜೋಡಿಸಿ ನೋಡಿದರೆ ಅದೂ ಇತ್ಯರ್ಥವಾಗುತ್ತದೆ.

ಬಹುತೇಕ ಬಾಕ್ಸ್‌ಗಳ ಮೆನುವಿನಲ್ಲಿ ಸಿಗ್ನಲ್ ತೋರಿಸುವ ಪುಟವೊಂದಿರುತ್ತದೆ. ಅದರಲ್ಲಿ ಎರಡು ಪಟ್ಟಿಗಳಿರುತ್ತವೆ: ಒಂದು ಶಕ್ತಿ, ಇನ್ನೊಂದು ಗುಣಮಟ್ಟ. ಲೈನ್‌ಮ್ಯಾನ್‌ಗಳು ಸಾಮಾನ್ಯವಾಗಿ ಶಕ್ತಿಯ ಪಟ್ಟಿಯನ್ನು ತೋರಿಸಿ ‘ತುಂಬಿದೆ ನೋಡಿ’ ಎನ್ನುತ್ತಾರೆ. ಗದ್ದಲವೂ ಶಕ್ತಿಯೇ ಆದ್ದರಿಂದ ಆ ಪಟ್ಟಿ ತುಂಬಿದ್ದರೂ ಚಿತ್ರ ಒಡೆಯಬಹುದು. ನೀವು ನೋಡಬೇಕಾದದ್ದು ಗುಣಮಟ್ಟದ ಪಟ್ಟಿಯನ್ನು, ಅದನ್ನೂ ಒಡೆಯುವ ವಾಹಿನಿಯಲ್ಲಿ ಒಮ್ಮೆ, ಚೆನ್ನಾಗಿ ಬರುವ ವಾಹಿನಿಯಲ್ಲಿ ಒಮ್ಮೆ. ಬೂಸ್ಟರ್ ಬಗ್ಗೆಯೂ ಇದೇ ಮಾತು ಅನ್ವಯಿಸುತ್ತದೆ. ಮನೆಗೆ ಬರುವಾಗಲೇ ಕೆಟ್ಟಿರುವ ಸಿಗ್ನಲನ್ನು ಬೂಸ್ಟರ್ ಗದ್ದಲದ ಸಮೇತ ದೊಡ್ಡದು ಮಾಡುತ್ತದೆ, ಶುದ್ಧ ಮಾಡುವುದಿಲ್ಲ. ಒಳಗೆ ಬರುವ ಸಿಗ್ನಲ್ ಚೆನ್ನಾಗಿದ್ದು, ಉದ್ದದ ತಂತಿ ಅಥವಾ ಸ್ಪ್ಲಿಟರ್‌ಗಳಿಂದ ಮುಂದೆ ದುರ್ಬಲವಾಗುತ್ತಿದ್ದರೆ ಮಾತ್ರ, ಪ್ರವೇಶದ ಜಾಗದಲ್ಲೇ ಹಾಕಿದ ಬೂಸ್ಟರ್ ನೆರವಾದೀತು.

ಇನ್ನೊಂದು ಕೆಲಸ ಮಾಡಿ. ಚಿತ್ರ ಯಾವ ಹೊತ್ತಿನಲ್ಲಿ ಕೆಡುತ್ತದೆ, ಹವೆ ಹೇಗಿತ್ತು ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಮಳೆ ನಿಂತ ಮೇಲೂ ಬಹಳ ಹೊತ್ತು ಕೆಟ್ಟೇ ಇದ್ದರೆ ಹೊರಗಿನ ಜೋಡಣೆಯೊಂದಕ್ಕೆ ನೀರು ಇಳಿದಿದೆ. ಅಂಥ ಜೋಡಣೆಯನ್ನು ಬಿಚ್ಚಿದರೆ ತಾಮ್ರದ ಮೇಲೆ ಹಸಿರು ಕಿಲುಬು ಕಾಣುತ್ತದೆ. ಬಿರುಬಿಸಿಲಿನಲ್ಲಿ ಕೆಟ್ಟು ರಾತ್ರಿ ಸರಿಹೋದರೆ ಲೈನ್ ಮಿತಿಯ ಅಂಚಿನಲ್ಲಿದೆ ಎಂದರ್ಥ. ತಂತಿ ಬಿಸಿಯಾದಂತೆ ಅದರ ನಷ್ಟ ಪ್ರತಿ 10 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ. 2ರಷ್ಟು ಏರುತ್ತದೆ, ಆಂಪ್ಲಿಫೈಯರ್‌ಗಳ ಉದ್ದದ ಸಾಲಿನಲ್ಲಿ ಅದೆಲ್ಲ ಕೂಡಿ ಸಾಕಷ್ಟು ದೊಡ್ಡದಾಗುತ್ತದೆ. ತಂತಿಗಳನ್ನು ಕನೆಕ್ಟರ್ ಇಲ್ಲದೆ ಕೈಯಿಂದ ಹೊಸೆದು ಟೇಪ್ ಸುತ್ತಿದ ಜೋಡಣೆ ಎಲ್ಲಿಯಾದರೂ ಕಂಡರೆ ಅದನ್ನೂ ಬರೆದಿಡಿ. ಹೊಸೆದ ಜಾಗದಲ್ಲಿ ಸಿಗ್ನಲ್ ಹಿಮ್ಮುಖವಾಗಿ ಪ್ರತಿಫಲಿಸುತ್ತದೆ, ಹೊರಗಿನ ಮೊಬೈಲ್ ಸಿಗ್ನಲ್ ಒಳನುಗ್ಗುತ್ತದೆ. 700 ಮತ್ತು 800 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಮೊಬೈಲ್ ಸೇವೆಗಳಿರುವ ಕಡೆ ಇದರಿಂದ ಅದೇ ಆವರ್ತನದ ಕೇಬಲ್ ವಾಹಿನಿಗಳಷ್ಟೇ ಕೆಡುತ್ತವೆ.

ಈ ಹಾಳೆಯನ್ನು ಮುಂದಿಟ್ಟು, ಪ್ರವೇಶದ ಜಾಗದಲ್ಲಿ ಮೀಟರ್‌ನಿಂದ ಅಳೆದು ಅಂಕಿಗಳನ್ನು ಬರೆದುಕೊಡುವಂತೆ ಆಪರೇಟರ್‌ನನ್ನು ಕೇಳಿ. ಡಿಜಿಟಲ್ ವಾಹಿನಿಗಳ ಮಟ್ಟ ಸುಮಾರು 50ರಿಂದ 65 ಡೆಸಿಬೆಲ್-ಮೈಕ್ರೊವೋಲ್ಟ್ ನಡುವೆ ಇದ್ದರೆ, ಮತ್ತು ಎಂಇಆರ್ ಎಂಬ ಶುದ್ಧತೆಯ ಅಳತೆ 64-ಕ್ವಾಮ್‌ಗೆ 30ರ ಸುತ್ತ, 256-ಕ್ವಾಮ್‌ಗೆ 35ರ ಸುತ್ತ ಇದ್ದರೆ ನಿಶ್ಚಿಂತೆಯಿಂದಿರಬಹುದು. ಅಂಕಿ ಕೇಳುವ ಚಂದಾದಾರರಿಗೆ ಹಾರಿಕೆಯ ಉತ್ತರ ಕೊಡುವುದು ಕಷ್ಟ.

ಪ್ರಶ್ನೆ: ಉಪಗ್ರಹ ಸೇವೆಯವರು ಕೊಡುವಷ್ಟು ಎಚ್‌ಡಿ ವಾಹಿನಿಗಳನ್ನು ನಮ್ಮ ಕೇಬಲ್‌ನವರು ಏಕೆ ಕೊಡುವುದಿಲ್ಲ? ಇರುವ ಎಚ್‌ಡಿ ಕೂಡ ಮಂಕಾಗಿದೆ.

ಉತ್ತರ: ಎರಡು ಅಡಚಣೆಗಳಿವೆ, ಎರಡೂ ಹಳೆಯ ಸಲಕರಣೆಗಳಿಂದ ಬಂದವು. ಮೊದಲನೆಯದು ಜಾಗದ ಕೊರತೆ. 550 ಮೆಗಾಹರ್ಟ್ಸ್‌ವರೆಗೆ ಮಾತ್ರ ಕೆಲಸ ಮಾಡುವ ಆಂಪ್ಲಿಫೈಯರ್‌ಗಳು ಸಾಲಿನಲ್ಲಿ ಉಳಿದಿದ್ದರೆ, ಅದರ ಮೇಲಿನ ಆವರ್ತನಗಳು ಆಪರೇಟರ್‌ಗೆ ಇದ್ದೂ ಇಲ್ಲದಂತೆ. ಹೊಸ ಜಾಲಗಳು 862 ಮೆಗಾಹರ್ಟ್ಸ್‌ವರೆಗೆ, ಕೆಲವು 1000 ದಾಟಿಯೂ ಬಳಸುತ್ತವೆ. ಇದರ ಜೊತೆಗೆ ಅನಲಾಗ್ ವಾಹಿನಿಗಳನ್ನೂ ಉಳಿಸಿಕೊಂಡಿದ್ದರೆ ಪ್ರತಿಯೊಂದೂ 6ರಿಂದ 8 ಮೆಗಾಹರ್ಟ್ಸ್ ತಿನ್ನುತ್ತದೆ. ಅದೇ 8 ಮೆಗಾಹರ್ಟ್ಸ್‌ನಲ್ಲಿ ಎಂಟು ಹತ್ತು ಸಾಮಾನ್ಯ ಡಿಜಿಟಲ್ ವಾಹಿನಿಗಳು ಹಿಡಿಸುತ್ತವೆ.

ಎರಡನೆಯದು ನಿಮ್ಮ ಟೀವಿಯ ಪಕ್ಕದಲ್ಲೇ ಇರುವ ಬಾಕ್ಸ್. 1990ರ ದಶಕದಲ್ಲಿ ರೂಪುಗೊಂಡ ಎಂಪೆಗ್-2 ಎಂಬ ಸಂಕೋಚನ (ಚಿತ್ರದ ಮಾಹಿತಿಯನ್ನು ಚಿಕ್ಕದಾಗಿಸುವ) ವಿಧಾನವನ್ನು ಮಾತ್ರ ಅರಿತಿರುವ ಬಾಕ್ಸ್‌ಗಳು ಇನ್ನೂ ಹಲವು ಮನೆಗಳಲ್ಲಿ ಉಳಿದಿವೆ. 2003ರಲ್ಲಿ ಬಂದ ಎಚ್.264 ಹೆಚ್ಚುಕಡಿಮೆ ಅರ್ಧದಷ್ಟು ಮಾಹಿತಿಯಲ್ಲೇ ಅದೇ ಗುಣಮಟ್ಟದ ಚಿತ್ರ ಕೊಡುತ್ತದೆ, 2013ರ ಎಚ್‌ಇವಿಸಿ ಅದನ್ನೂ ಅರ್ಧಕ್ಕಿಳಿಸಬಲ್ಲುದು. ಆದರೆ ಜಾಲದ ಎಲ್ಲ ಮನೆಗಳ ಹಳೆಯ ಬಾಕ್ಸ್‌ಗಳನ್ನು ಬದಲಿಸುವವರೆಗೆ ಆಪರೇಟರ್ ವಾಹಿನಿಗಳನ್ನು ಹೊಸ ವಿಧಾನಕ್ಕೆ ಪೂರ್ತಿಯಾಗಿ ಸಾಗಿಸಲಾರ. ಆ ವೆಚ್ಚವನ್ನು ಮುಂದೂಡುತ್ತ ಬಂದವರು ಇದ್ದ ಜಾಗದಲ್ಲೇ ಹೆಚ್ಚು ವಾಹಿನಿ ತುಂಬಲು ಪ್ರತಿಯೊಂದರ ಪಾಲನ್ನು ಕತ್ತರಿಸುತ್ತಾರೆ. ನಿಮಗೆ ಕಾಣುವ ಮಂಕು ಅದರಿಂದ ಬಂದದ್ದಿರಬೇಕು. ಉಪಗ್ರಹದವರಿಗೂ ಹಳೆಯ ಬಾಕ್ಸ್‌ಗಳ ಹೊರೆ ಇದ್ದೇ ಇತ್ತು. ಆದರೂ 2005ರ ಡಿವಿಬಿ-ಎಸ್2 ಪದ್ಧತಿ ಅದೇ ಟ್ರಾನ್ಸ್‌ಪಾಂಡರಿನಲ್ಲಿ ಸುಮಾರು ಶೇ. 30ರಷ್ಟು ಹೆಚ್ಚು ಮಾಹಿತಿ ಸಾಗಿಸಲು ಅನುವು ಮಾಡಿಕೊಟ್ಟದ್ದು, ಅವರಲ್ಲಿ ಹಲವರು ಎಚ್‌ಡಿ ಸೇವೆಯನ್ನು ಹೊಸ ಬಾಕ್ಸ್‌ಗಳೊಂದಿಗೇ ಆರಂಭಿಸಿದ್ದು ಅವರಿಗೆ ಅನುಕೂಲವಾಯಿತು.

ಡಿಶ್ ಹಾಕಿಸಿದ ಮಾತ್ರಕ್ಕೆ ಮಂಕು ಹೋಗುತ್ತದೆ ಎಂದೂ ಭಾವಿಸಬೇಡಿ. ಅತಿಯಾಗಿ ಸಂಕೋಚಿಸುವ ಚಾಳಿ ಅಲ್ಲೂ ಇದೆ. ವ್ಯತ್ಯಾಸ ಗುರುತಿಸುವುದು ಸುಲಭ. ಚೆಂಡು ಓಡುವಾಗ, ನೀರು ಚಿಮ್ಮುವಾಗ, ದೃಶ್ಯ ವೇಗವಾಗಿ ಬದಲಾಗುವಾಗ ಮಾತ್ರ ಚಿತ್ರ ಕಲಕಿದಂತಾಗಿ ಧ್ವನಿ ಸರಿಯಾಗಿಯೇ ಇದ್ದರೆ ಅದು ಸಂಕೋಚನದ ದೋಷ. ಯಾವ ದೃಶ್ಯವೆಂಬ ಭೇದವಿಲ್ಲದೆ ಚೌಕಗಳು ಎದ್ದು ಧ್ವನಿಯೂ ತುಂಡಾಗುತ್ತಿದ್ದರೆ ಸಿಗ್ನಲ್‌ನ ದೋಷ. ಮೊದಲನೆಯದಕ್ಕೆ ಯಾವ ಲೈನ್‌ಮ್ಯಾನ್ ಬಂದರೂ ಪ್ರಯೋಜನವಿಲ್ಲ.

ಪ್ರಶ್ನೆ: ಕೇಬಲ್ ಬಿಟ್ಟು ಡಿಶ್ ಹಾಕಿಸಿದೆವು. ಚಿತ್ರ ಸೊಗಸಾಗಿದೆ, ಆದರೆ ಮಳೆ ಬಂದರೆ ಮಾಯವಾಗುತ್ತದೆ. ಕೇಬಲ್ ಇದ್ದಾಗ ಮಳೆಯಲ್ಲೂ ಬರುತ್ತಿತ್ತಲ್ಲ, ಅದೂ ಉಪಗ್ರಹದಿಂದಲೇ ಬರುವುದಾದರೆ ಹೀಗೇಕೆ?

ಉತ್ತರ: ಮನೆಯ ಡಿಶ್‌ಗಳು ಸಾಮಾನ್ಯವಾಗಿ 11ರಿಂದ 12 ಗಿಗಾಹರ್ಟ್ಸ್ ಆಸುಪಾಸಿನ ಕೆಯು ಬ್ಯಾಂಡ್ ಬಳಸುತ್ತವೆ. ಆ ಅಲೆಗಳ ಉದ್ದ ಎರಡೂವರೆ ಸೆಂಟಿಮೀಟರಿನಷ್ಟು. ದಟ್ಟವಾದ ಮಳೆಯ ಹನಿಗಳು ಅವುಗಳನ್ನು ಹೀರಿ ಚದುರಿಸುತ್ತವೆ. ಕೇಬಲ್ ಹೆಡ್‌ಎಂಡ್‌ಗಳು ಬಹಳಷ್ಟು ವಾಹಿನಿಗಳನ್ನು 4 ಗಿಗಾಹರ್ಟ್ಸ್ ಆಸುಪಾಸಿನ ಸಿ ಬ್ಯಾಂಡ್‌ನಲ್ಲಿ, ಕೆಲವು ಮೀಟರ್ ಅಗಲದ ಡಿಶ್‌ಗಳಿಂದ ಹಿಡಿಯುತ್ತವೆ, ಮತ್ತು ಆ ಉದ್ದದ ಅಲೆಗಳನ್ನು ಮಳೆ ಅಷ್ಟಾಗಿ ತಡೆಯಲಾರದು. ಈ ಒಂದು ವಿಷಯದಲ್ಲಿ ಕೇಬಲ್ ನಿಜಕ್ಕೂ ಮೇಲು.

ಆದರೆ ನಿಮ್ಮ ಡಿಶ್ ತುಂತುರಿಗೂ ಸೋಲುತ್ತಿದ್ದರೆ ಮಳೆಯನ್ನು ದೂರಬೇಡಿ, ಅದರ ದಿಕ್ಕು ತಪ್ಪಿದೆ. 60 ಸೆಂಟಿಮೀಟರ್ ಡಿಶ್‌ನ ನೋಟದ ಅಗಲ ಸುಮಾರು 3 ಡಿಗ್ರಿ ಮಾತ್ರ. ಅದು 2 ಡಿಗ್ರಿ ಪಕ್ಕಕ್ಕೆ ತಿರುಗಿದರೂ ಸಿಗುವ ಶಕ್ತಿ ಕಾಲು ಭಾಗದ ಹತ್ತಿರಕ್ಕೆ ಇಳಿಯುತ್ತದೆ. ತಿಳಿಯಾದ ಆಕಾಶವಿರುವಾಗ ಉಳಿದಷ್ಟರಲ್ಲೇ ಚಿತ್ರ ಬರುವುದರಿಂದ ತಪ್ಪು ಗೊತ್ತಾಗುವುದಿಲ್ಲ, ಮಳೆಗಾಗಿ ಇರಬೇಕಿದ್ದ ಮೀಸಲು ಮಾತ್ರ ಇರುವುದಿಲ್ಲ. ಕಂಬದ ಬೋಲ್ಟ್ ಬಿಗಿಸಿ, ಗುಣಮಟ್ಟದ ಪಟ್ಟಿ ನೋಡುತ್ತ ದಿಕ್ಕು ಸರಿಪಡಿಸಿಕೊಡುವಂತೆ ಕೇಳಿ. ಅದಾದ ಮೇಲೂ ತೊಂದರೆಯಿದ್ದರೆ 90 ಸೆಂಟಿಮೀಟರ್ ಡಿಶ್ ಹಾಕಿಸಬಹುದು. ಅದು 60ರದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಸಂಗ್ರಹಿಸುತ್ತದೆ. ಅತಿ ಜೋರಾದ ಮಳೆಯಲ್ಲಿ ಕೆಲವು ನಿಮಿಷ ಚಿತ್ರ ಹೋಗುವುದನ್ನು ಯಾವ ಡಿಶ್ ಕೂಡ ಪೂರ್ತಿ ತಪ್ಪಿಸಲಾರದು. ಹಾಗೆಯೇ ಮಾರ್ಚ್ ಮತ್ತು ಸೆಪ್ಟೆಂಬರ್-ಅಕ್ಟೋಬರ್ ಸುಮಾರಿಗೆ ಕೆಲವು ದಿನ, ಹಗಲಿನ ಒಂದೇ ಹೊತ್ತಿಗೆ ಕೆಲವು ನಿಮಿಷ ಸಿಗ್ನಲ್ ಕೆಡಬಹುದು. ಆಗ ಸೂರ್ಯನು ಸರಿಯಾಗಿ ಉಪಗ್ರಹದ ಹಿಂದೆ ಬಂದಿರುತ್ತಾನೆ. ಅದಕ್ಕಾಗಿ ಯಾರನ್ನೂ ಕರೆಸಬೇಕಿಲ್ಲ.

ಪ್ರಶ್ನೆ: ಮನೆಯಲ್ಲಿ ಇನ್ವರ್ಟರ್ ಇದ್ದರೂ ಕರೆಂಟ್ ಹೋದ ಕೂಡಲೇ ಕೇಬಲ್ ನಿಲ್ಲುತ್ತದೆ. ಏಕೆ?

ಉತ್ತರ: ನಿಮ್ಮ ಟೀವಿಗೆ ಮತ್ತು ಬಾಕ್ಸ್‌ಗೆ ವಿದ್ಯುತ್ ಇದೆ, ದಾರಿಯಲ್ಲಿರುವ ಆಂಪ್ಲಿಫೈಯರ್‌ಗೆ ಇಲ್ಲ. ಸಾಲಿನಲ್ಲಿ ಒಂದು ಆಂಪ್ಲಿಫೈಯರ್ ನಿಂತರೂ ಅದರಾಚೆಯ ಎಲ್ಲ ಮನೆಗಳಿಗೆ ಸಿಗ್ನಲ್ ತಪ್ಪುತ್ತದೆ. ಆಪರೇಟರ್ ಅವುಗಳಿಗೆ ಬ್ಯಾಟರಿ ಇಟ್ಟು, ಆ ಬ್ಯಾಟರಿಗಳನ್ನು ಕಾಲಕಾಲಕ್ಕೆ ಬದಲಿಸುತ್ತಿರಬೇಕು. ಡಿಶ್‌ನ ಎದುರು ಕೂತು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಎಂಬ ಭಾಗ ನಿಮ್ಮ ಬಾಕ್ಸ್‌ನಿಂದಲೇ ತಂತಿಯ ಮೂಲಕ ವಿದ್ಯುತ್ ಪಡೆಯುವುದರಿಂದ ಅಲ್ಲಿ ಈ ತೊಡಕಿಲ್ಲ.

ಪ್ರಶ್ನೆ: ಕೇಬಲ್‌ನಲ್ಲಿ ಸ್ಪ್ಲಿಟರ್ ಹಾಕಿ ಎರಡು ಟೀವಿ ನೋಡುತ್ತಿದ್ದೆವು. ಡಿಶ್‌ನಲ್ಲಿ ಹಾಗೆ ಮಾಡಿದರೆ ಒಂದು ಟೀವಿಯಲ್ಲಿ ವಾಹಿನಿ ಬದಲಿಸಿದಾಗ ಇನ್ನೊಂದರಲ್ಲಿ ಚಿತ್ರ ಹೋಗುತ್ತದೆ. ಇದು ಬಾಕ್ಸ್‌ನ ದೋಷವೇ?

ಉತ್ತರ: ದೋಷವಲ್ಲ, ವ್ಯವಸ್ಥೆಯೇ ಹಾಗಿದೆ. ಕೇಬಲ್‌ನಲ್ಲಿ ಎಲ್ಲ ವಾಹಿನಿಗಳೂ ಒಂದೇ ತಂತಿಯಲ್ಲಿ ಒಟ್ಟಿಗೆ ಬಂದಿರುತ್ತವೆ, ಬಾಕ್ಸ್ ತನಗೆ ಬೇಕಾದುದನ್ನು ಆರಿಸಿಕೊಳ್ಳುತ್ತದೆ. ಉಪಗ್ರಹದ ಸಿಗ್ನಲ್ ಎರಡು ಧ್ರುವೀಕರಣಗಳಲ್ಲಿ, ಅಂದರೆ ಅಲೆಗಳು ಕಂಪಿಸುವ ಎರಡು ಬಗೆಗಳಲ್ಲಿ, ಬರುತ್ತದೆ, ಮತ್ತು ಸಾಮಾನ್ಯ ಎಲ್‌ಎನ್‌ಬಿ ಒಂದು ಸಲಕ್ಕೆ ಒಂದನ್ನು ಮಾತ್ರ ಕೆಳಗೆ ಕಳುಹಿಸುತ್ತದೆ. ಯಾವುದು ಬೇಕೆಂದು ಬಾಕ್ಸ್ ಅದಕ್ಕೆ 13 ಅಥವಾ 18 ವೋಲ್ಟ್ ಕೊಟ್ಟು ತಿಳಿಸುತ್ತದೆ. ಆವರ್ತನದ ಮೇಲಿನ ಪಟ್ಟಿ ಬೇಕಿದ್ದರೆ 22 ಕಿಲೋಹರ್ಟ್ಸ್‌ನ ಸಂಜ್ಞೆಯನ್ನೂ ಕಳುಹಿಸುತ್ತದೆ. ಒಂದೇ ತಂತಿಯಲ್ಲಿ ಎರಡು ಬಾಕ್ಸ್‌ಗಳು ಬೇರೆ ಬೇರೆ ಆಜ್ಞೆ ಕೊಟ್ಟರೆ ಒಂದು ಸೋಲಲೇಬೇಕು. ಎರಡು ಅಥವಾ ನಾಲ್ಕು ಹೊರದಾರಿಗಳಿರುವ ಎಲ್‌ಎನ್‌ಬಿ ಹಾಕಿಸಿ ಪ್ರತಿ ಬಾಕ್ಸ್‌ಗೂ ಪ್ರತ್ಯೇಕ ತಂತಿ ಎಳೆಸಿ. ಹೆಚ್ಚು ಟೀವಿಗಳಿರುವ ಮನೆಗೆ ಕೇಬಲ್ ಸುಲಭ ಎಂಬುದನ್ನು ಇಲ್ಲಿ ಒಪ್ಪಬೇಕು.

ಪ್ರಶ್ನೆ: ಪಂದ್ಯ ನೋಡುವಾಗ ಪಕ್ಕದ ಮನೆಯಲ್ಲಿ ಕೂಗು ಮೊದಲು ಕೇಳುತ್ತದೆ, ನಮ್ಮ ಪರದೆಯಲ್ಲಿ ಗೋಲು ಆಮೇಲೆ ಆಗುತ್ತದೆ. ನಮ್ಮದು ಕೇಬಲ್, ಅವರದು ಡಿಶ್.

ಉತ್ತರ: ಉಪಗ್ರಹ ಇರುವುದು ಸಮಭಾಜಕ ವೃತ್ತದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ, ಅಲ್ಲಿಗೆ ಹೋಗಿ ಬರಲು ಸಿಗ್ನಲ್‌ಗೆ ಕಾಲು ಸೆಕೆಂಡ್ ಸಾಕು. ಹೆಚ್ಚಿನ ವಿಳಂಬ ಆಗುವುದು ಚಿತ್ರವನ್ನು ಸಂಕೋಚಿಸುವಾಗ ಮತ್ತು ಬಿಡಿಸುವಾಗ. ನಿಮ್ಮ ಹೆಡ್‌ಎಂಡ್ ಉಪಗ್ರಹದಿಂದ ಇಳಿದ ಚಿತ್ರವನ್ನು ಬಿಡಿಸಿ ಮತ್ತೊಮ್ಮೆ ಸಂಕೋಚಿಸುತ್ತಿದ್ದರೆ ಆ ಹಂತದಲ್ಲಿ ಸೆಕೆಂಡುಗಳು ಸೇರುತ್ತವೆ. ನಿಮ್ಮ ಕಡೆಯಿಂದ ಸರಿಪಡಿಸುವಂಥದ್ದು ಏನೂ ಇಲ್ಲ.

ಪ್ರಶ್ನೆ: ಟೀವಿ ಮತ್ತು ಇಂಟರ್ನೆಟ್ ಎರಡೂ ಒಂದೇ ಕೇಬಲ್‌ನಲ್ಲಿವೆ. ಟೀವಿಯ ಕಾಟ ತಾಳಲಾರದೆ ಡಿಶ್‌ಗೆ ಹೋಗಬೇಕೆಂದಿದ್ದೇವೆ. ವಯಸ್ಸಾದ ತಂದೆಯವರಿಗೆ ಟೀವಿಯೇ ದಿನದ ಮುಖ್ಯ ಜೊತೆ, ಅವರಿಗೆ ಪದೇ ಪದೇ ಬದಲಾವಣೆ ಆಗದು. ನಿಮ್ಮ ಸಲಹೆ ಏನು?

ಉತ್ತರ: ಮೊದಲು ಇಂಟರ್ನೆಟ್‌ನ ಮಾತು. ಮನೆಯ ಟೀವಿ ಡಿಶ್‌ಗೆ ಸಿಗ್ನಲ್ ಕೆಳಗೆ ಬರುತ್ತದೆ, ಅಲ್ಲಿಂದ ಮೇಲೆ ಹೋಗುವುದಿಲ್ಲ. ಕೇಬಲ್‌ನಲ್ಲಿ ಎರಡೂ ದಿಕ್ಕಿಗೆ ದಾರಿಯಿದೆ; 1997ರಲ್ಲಿ ಬಂದ ಡಾಕ್ಸಿಸ್ ಎಂಬ ಪದ್ಧತಿಯು ಅದರ ಮೇಲೆ ಇಂಟರ್ನೆಟ್ ಕೊಡುವುದಕ್ಕೆ ಏಕರೂಪದ ಮಾನದಂಡವನ್ನು ಒದಗಿಸಿತು. ಆದ್ದರಿಂದ ಟೀವಿಯನ್ನು ಡಿಶ್‌ಗೆ ಒಯ್ದರೂ ಇಂಟರ್ನೆಟ್‌ಗೆ ಬೇರೆ ಸಂಪರ್ಕವೊಂದು ಬೇಕೇ ಬೇಕು. ಹಾಗೆಯೇ, ಟೀವಿಯನ್ನು ಕೆಡಿಸುತ್ತಿರುವ ಅದೇ ಜೋಡಣೆಗಳು ಇಂಟರ್ನೆಟ್ಟನ್ನೂ ನಿಧಾನಗೊಳಿಸುತ್ತಿರಬಹುದು. ಟೀವಿ ಒಡೆಯುವ ಹೊತ್ತಿಗೇ ಇಂಟರ್ನೆಟ್ ಕೂಡ ಕಡಿದುಹೋಗುತ್ತದೆಯೇ ಎಂದು ಗಮನಿಸಿ. ಹಾಗಿದ್ದರೆ, ಇಂಟರ್ನೆಟ್ಟನ್ನು ಕೇಬಲ್‌ನಲ್ಲೇ ಉಳಿಸಿಕೊಳ್ಳುವುದಾದರೆ, ಆಪರೇಟರ್‌ನಿಂದ ಲೈನ್ ಸರಿಪಡಿಸಿಕೊಳ್ಳುವುದು ಡಿಶ್ ಹಾಕಿಸಿದರೂ ತಪ್ಪದ ಕೆಲಸ.

ಆಪರೇಟರ್‌ನನ್ನು ಮೂರು ವಿಷಯ ಕೇಳಿ: ಫೈಬರ್ ನಮ್ಮ ಮನೆಗೆ ಎಷ್ಟು ಹತ್ತಿರದವರೆಗೆ ಬಂದಿದೆ, ಅಲ್ಲಿಂದ ಮುಂದೆ ಎಷ್ಟು ಆಂಪ್ಲಿಫೈಯರ್‌ಗಳಿವೆ, ಲೈನ್ ಬದಲಿಸುವ ಯೋಜನೆ ಇದ್ದರೆ ಯಾವ ತಿಂಗಳು. ಸ್ಪಷ್ಟವಾದ ಉತ್ತರ, ಅದೂ ಬರವಣಿಗೆಯಲ್ಲಿ ಬಂದರೆ, ಆ ದಿನದವರೆಗೆ ಕಾಯುವುದು ಒಳ್ಳೆಯದು. ಏಕೆಂದರೆ ಹೊಸದಾಗಿ ಕಟ್ಟಿದ ಕೇಬಲ್ ಮಳೆಯಲ್ಲೂ ನಿಲ್ಲುತ್ತದೆ, ಇಂಟರ್ನೆಟ್ಟನ್ನೂ ಕೊಡುತ್ತದೆ. ‘ಮಾಡುತ್ತೇವೆ, ನೋಡೋಣ’ ಎಂಬ ಉತ್ತರ ಬಂದರೆ ಟೀವಿಯನ್ನು ಡಿಶ್‌ಗೆ ಒಯ್ಯಿರಿ. ಹಣ ಪಡೆದ ಸೇವೆಯನ್ನು ಸರಿಪಡಿಸದವರ ಬಳಿ ಚಂದಾದಾರರು ವರ್ಷಗಟ್ಟಲೆ ಸಹನೆಯಿಂದ ಇರಬೇಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದರಲ್ಲೂ ದಿನವಿಡೀ ಟೀವಿಯ ಮುಂದೆ ಇರುವ ಹಿರಿಯರಿಗೆ, ಅರ್ಧ ಮಾತಿನಲ್ಲಿ ನಿಂತುಹೋಗುವ ಚಿತ್ರ ಕೊಡುವ ಹಿಂಸೆ ಚಿಕ್ಕದಲ್ಲ.

ಹೋಗುವ ಮೊದಲು ಒಂದನ್ನು ಖಚಿತಪಡಿಸಿಕೊಳ್ಳಿ. ಡಿಶ್ ಹಾಕುವ ಜಾಗದಿಂದ ಉಪಗ್ರಹದ ದಿಕ್ಕಿಗೆ ಆಕಾಶ ಪೂರ್ತಿ ತೆರೆದಿರಬೇಕು. ಉತ್ತರ ಗೋಳಾರ್ಧದಲ್ಲಿ ಅದು ಸಾಮಾನ್ಯವಾಗಿ ದಕ್ಷಿಣದ ಕಡೆಯ ಆಕಾಶ, ದಕ್ಷಿಣ ಗೋಳಾರ್ಧದಲ್ಲಿ ಉತ್ತರದ ಕಡೆಯದು. ಆ ಕಡೆ ಮರವಿದ್ದರೆ ಈಗಿನ ಎತ್ತರವನ್ನಷ್ಟೇ ನೋಡದೆ ಮುಂದೆ ಬೆಳೆಯುವುದನ್ನೂ ಲೆಕ್ಕಕ್ಕೆ ಹಿಡಿಯಿರಿ, ಒದ್ದೆಯಾದ ಎಲೆಗಳು ಸಿಗ್ನಲನ್ನು ಚೆನ್ನಾಗಿಯೇ ತಡೆಯುತ್ತವೆ. ತಂದೆಯವರ ಸಲುವಾಗಿ, ಕೆಲವು ದಿನ ಎರಡೂ ಸಂಪರ್ಕ ಇಟ್ಟುಕೊಂಡು, ಅವರು ನೋಡುವ ವಾಹಿನಿಗಳನ್ನು ಹೊಸ ಬಾಕ್ಸ್‌ನ ಮೆಚ್ಚಿನ ಪಟ್ಟಿಯಲ್ಲಿ ಮೊದಲೇ ಜೋಡಿಸಿಟ್ಟು, ರಿಮೋಟ್ ಅಭ್ಯಾಸವಾದ ಮೇಲೆ ಹಳೆಯದನ್ನು ತೆಗೆಸಿ.

ಪ್ರಶ್ನೆ: ಡಿಶ್ ಹಾಕಿಸುವಾಗ ಗೋಡೆಯೊಳಗಿರುವ ಹಳೆಯ ಕೇಬಲ್ ತಂತಿಯನ್ನೇ ಬಳಸಿಕೊಳ್ಳಬಹುದೇ? ಗೋಡೆ ಒಡೆಯುವುದು ತಪ್ಪುತ್ತದೆ.

ಉತ್ತರ: ತಂತಿಯ ಮೇಲೆ ಮುದ್ರಿಸಿರುವುದನ್ನು ಓದಿ. ಆರ್‌ಜಿ-6 ಎಂದಿದ್ದು, ಹೊರಕವಚ ಬಿರಿಯದೆ, ತುದಿಯ ತಾಮ್ರ ಹೊಳೆಯುತ್ತಿದ್ದರೆ ಧಾರಾಳವಾಗಿ ಬಳಸಬಹುದು. ಅದಕ್ಕಿಂತ ತೆಳುವಾದ ಆರ್‌ಜಿ-59 ಆಗಿದ್ದರೆ ಹತ್ತಾರು ಮೀಟರ್ ದೂರಕ್ಕೆ ನಾನು ಸೂಚಿಸುವುದಿಲ್ಲ, ಏಕೆಂದರೆ ಎಲ್‌ಎನ್‌ಬಿಯಿಂದ ಇಳಿಯುವ ಸಿಗ್ನಲ್ 950ರಿಂದ 2150 ಮೆಗಾಹರ್ಟ್ಸ್‌ವರೆಗೆ ಇರುತ್ತದೆ. ಕೇಬಲ್ ಟೀವಿಗೆ ಸಾಕಾಗಿದ್ದ ತಂತಿ ಆ ಎತ್ತರದ ಆವರ್ತನಗಳಲ್ಲಿ ಬಹಳ ಕಳೆದುಕೊಳ್ಳುತ್ತದೆ. ಯಾವ ತಂತಿಯಾದರೂ ನಡುವೆ ಇರುವ ಸ್ಪ್ಲಿಟರ್ ಮತ್ತು ಬೂಸ್ಟರ್‌ಗಳನ್ನೆಲ್ಲ ತೆಗೆಸಿ, ಎರಡೂ ತುದಿಗಳಿಗೆ ಹೊಸ ಕಂಪ್ರೆಷನ್ ಕನೆಕ್ಟರ್ ಹಾಕಿಸಿ. ಕೇಬಲ್ ಟೀವಿಗಾಗಿ ಮಾಡಿದ ಸ್ಪ್ಲಿಟರ್ ಸಾಮಾನ್ಯವಾಗಿ ಎಲ್‌ಎನ್‌ಬಿಗೆ ಹೋಗಬೇಕಾದ ವಿದ್ಯುತ್ತನ್ನು ತಡೆಯುತ್ತದೆ. ಡಿಶ್ ಎಷ್ಟೇ ಸರಿಯಾಗಿ ಕೂತಿದ್ದರೂ ಆಗ ಬಾಕ್ಸ್ ‘ಸಿಗ್ನಲ್ ಇಲ್ಲ’ ಎಂದೇ ತೋರಿಸುತ್ತದೆ.